ಫೈಲಿನಲ್ಲಿ ಸರಿಯಿದ್ದ ರೆಕ್ಕೆ ಕಂಚಿನಲ್ಲಿ ಯಾಕೆ ತುಂಬಲಿಲ್ಲ?

ರೆಕ್ಕೆಕೆಲಸ

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ಒಂದೇ ಕೆಲಸದ ಬೆನ್ನು ಹತ್ತಿದ್ದೇನೆ. ನೆಲ ಬಿಟ್ಟೇಳುತ್ತಿರುವ ಕೊಕ್ಕರೆ. ಒಂದು ಕಾಲು ಮಡಚಿದೆ, ಇನ್ನೊಂದರ ಬೆರಳು ಇನ್ನೂ ನೆಲ ಬಿಟ್ಟಿಲ್ಲ, ಎರಡೂ ರೆಕ್ಕೆ ಪೂರ್ತಿ ಬಿಚ್ಚಿವೆ. ಒಂದೊಂದು ರೆಕ್ಕೆ 600 ಮಿ.ಮೀ. ಉದ್ದ.

ಮೊದಲು ಅಂಗೈಯಗಲದ ಜೇಡಿಮಣ್ಣಿನ ಮಾದರಿ ಮಾಡಿದೆ. ಅದರ ಸುತ್ತ ನೂರಿಪ್ಪತ್ತು ಫೋಟೋ ತೆಗೆದು, ಅವುಗಳಿಂದ ಕಂಪ್ಯೂಟರಿನಲ್ಲಿ ತ್ರೀಡಿ ಫೈಲು ಮಾಡಿಕೊಂಡೆ. ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರಿನಲ್ಲಿ ಗರಿ ಗರಿಯಾಗಿ ಕೂರಿಸಿದೆ. ಬರೀ ಗರಿಗಳಿಗೇ ಎರಡು ತಿಂಗಳು ಹಿಡಿಯಿತು. ಆಮೇಲೆ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟ್ ತೆಗೆದು, ಆ ಪ್ರಿಂಟನ್ನೇ ಸೆರಾಮಿಕ್ ಶೆಲ್ (ಬೆಂಕಿ ತಡೆಯುವ ಗಟ್ಟಿ ಚಿಪ್ಪು) ಕಟ್ಟುವ ದ್ರಾವಣದಲ್ಲಿ ಅದ್ದಿ ಅದ್ದಿ ಎಂಟು ಪದರ ಕಟ್ಟಿ, ಒಳಗಿನ ಪ್ಲಾಸ್ಟಿಕ್ಕನ್ನು ಸುಟ್ಟು, ಸಿಲಿಕಾನ್ ಕಂಚು ಹೊಯ್ದೆವು.

ಶೆಲ್ ಒಡೆದಾಗ ನಿಜಕ್ಕೂ ಕಣ್ಣು ತುಂಬಿ ಬಂತು. ಹನ್ನೊಂದು ದೊಡ್ಡ ಗರಿಗಳಲ್ಲಿ ನಾಲ್ಕರ ತುದಿಯೇ ಇಲ್ಲ. ಮುರಿದದ್ದಲ್ಲ. ಲೋಹ ಅಲ್ಲಿಗೆ ಹೋಗುವ ಮುಂಚೆಯೇ ನಿಂತುಬಿಟ್ಟಿದೆ, ಅಂಚು ಕರಗಿದ ಮೇಣದಬತ್ತಿಯ ಹಾಗೆ ದುಂಡಗಾಗಿದೆ. ಫೈಲಿನಲ್ಲಿ ಆ ತುದಿಗಳ ದಪ್ಪ 1.2 ಮಿ.ಮೀ. ರೆಕ್ಕೆಯ ಹೊಟ್ಟೆಭಾಗದಲ್ಲಿ ಉದ್ದಕ್ಕೆ ಒಂದು ತೆಳು ಲೋಹದ ಎಳೆ ಎದ್ದಿದೆ, ಶೆಲ್ ಬಿರುಕು ಬಿಟ್ಟ ಜಾಗ ಅದು ಅನ್ನಿಸುತ್ತದೆ. ಪ್ರಿಂಟಿನ ಪದರದ ಗೆರೆಗಳು ಒಂದೂ ಬಿಡದೆ ಕಂಚಿಗೆ ಇಳಿದಿವೆ. ಕೊನೆಯದಾಗಿ, ಕಾಲಿನ ಗೂಟಕ್ಕೆಂದು ಪೀಠದಲ್ಲಿ ಫೈಲಿನ ಅಳತೆಯಂತೆ 20 ಮಿ.ಮೀ. ತೂತು ಕೊರೆಸಿಟ್ಟಿದ್ದೆ. ಜೊತೆಗೇ ಎರೆದ ಕಾಲಿನ ಗೂಟ 19.6 ಬಂದಿದೆ, ಅಲ್ಲಾಡುತ್ತದೆ.

ನಾನು ಕಂಪ್ಯೂಟರಿನಿಂದ ಈ ಕಡೆ ಬಂದವನು. ಎಲ್ಲಿ ತಪ್ಪಿದೆ, ಫೈಲಿನಲ್ಲೋ ಕುಲುಮೆಯಲ್ಲೋ? ಮತ್ತೆ ಹೊಯ್ಯುವ ಮುಂಚೆ ತಿಳಿದುಕೊಳ್ಳಬೇಕು.

ಮೂಸೆಇಕ್ಕಳ

ತಮ್ಮಾ, ಮೊದಲು ಸಮಾಧಾನ ಮಾಡ್ಕೊ. ಏಳು ಗರಿ ತುಂಬಿದೆ ಅಂದ್ರೆ ನಿನ್ನ ಕೆಲಸದಲ್ಲಿ ಹುರುಳಿದೆ. ತಪ್ಪು ಫೈಲಿನಲ್ಲೂ ಅಲ್ಲ, ಕುಲುಮೆಯಲ್ಲೂ ಅಲ್ಲ. ಫೈಲು ಮಾಡುವಾಗ ಕುಲುಮೆಯನ್ನ ಕೇಳಿಲ್ಲ, ಅಷ್ಟೇ. ಒಂದೊಂದಾಗಿ ಹೇಳ್ತೀನಿ.

ದುಂಡಗಾದ ತುದಿ ಅಂದ್ರೆ ಲೋಹ ದಾರಿಯಲ್ಲೇ ಹೆಪ್ಪುಗಟ್ಟಿದೆ. ಸಿಲಿಕಾನ್ ಕಂಚನ್ನ ನಾವು 1,100 ಡಿಗ್ರಿ ಸೆಲ್ಸಿಯಸ್ ದಾಟಿಸಿ ಹೊಯ್ತೀವಿ. ಅದು ಶೆಲ್ಲಿನ ಗೋಡೆ ಮುಟ್ಟಿದ ಗಳಿಗೆಯಿಂದ ಶಾಖ ಬಿಡ್ತಾ ಹೋಗತ್ತೆ. 1.2 ಮಿ.ಮೀ. ಸಂದಿನಲ್ಲಿ ಎರಡು ಕಡೆಯ ಗೋಡೆಯೂ ಅದರ ಶಾಖ ಹೀರತ್ತೆ, ಒಳಗೆ ಬಿಸಿ ಉಳಿಸಿಕೊಳ್ಳೋಕೆ ಲೋಹದ ಹತ್ರ ಮೈಯೇ ಇಲ್ಲ. ಇದಕ್ಕೆ ಹೊಸಬರು ಮಾಡೋ ಮದ್ದು ಅಂದ್ರೆ ಲೋಹವನ್ನ ಇನ್ನೂ ಕಾಯಿಸೋದು. ದಯವಿಟ್ಟು ಬೇಡ. ಅತಿಯಾಗಿ ಕಾದ ಕಂಚು ಅನಿಲ ಹೀರಿಕೊಂಡು ಆರುವಾಗ ಒಳಗೆಲ್ಲ ತೂತು ಬಿಡತ್ತೆ. ಶೆಲ್ಲನ್ನ ಚೆನ್ನಾಗಿ ಕಾಯಿಸಿ, ಬಿಸಿ ಇರುವಾಗಲೇ ಹೊಯ್ಯಿ. ಅದಕ್ಕಿಂತ ಮುಖ್ಯವಾಗಿ ತುದಿಯನ್ನ 3 ಮಿ.ಮೀ. ಇಟ್ಟುಕೋ.

ತೆಳ್ಳಗೆ ಕಾಣಬೇಕು ಅಂದ್ರೆ ತೆಳ್ಳಗೆ ಎರೀಬೇಕು ಅಂತೇನಿಲ್ಲ. ದಪ್ಪಗೆ ಎರೆದು, ಗರಿಯ ಹಿಂಬದಿಯಿಂದ ಅರ ಹಾಕಿ ಅಂಚನ್ನ ಇಳಿಜಾರು ಮಾಡು. ನೋಡೋರ ಕಣ್ಣಿಗೆ ಬೀಳೋದು ಅಂಚು, ಅದರ ಹಿಂದೆ ಎಷ್ಟು ಲೋಹ ಇದೆ ಅನ್ನೋದಲ್ಲ. ಹೀಗೆ ಅರಕ್ಕೆ ಅಂತ ಲೋಹ ಬಿಡೋದನ್ನ ನಿನ್ನ ಫೈಲಿನಲ್ಲೇ ಬಿಡು. ಪರದೆ ಮೇಲೆ ಗರಿ ಸ್ವಲ್ಪ ಒಡ್ಡಾಗಿ ಕಾಣಬೇಕು. ಕಾಣಲಿ.

ಬಿರುಕಿನ ವಿಷಯ. ಮೇಣವಾದ್ರೆ ಶೆಲ್ಲನ್ನ ಕಾದ ಕುಲುಮೆಗೆ ಒಮ್ಮೆಲೇ ದೂಡ್ತೀವಿ, ಗೋಡೆಗೆ ತಾಗಿದ ಮೇಣ ಮೊದಲು ಕರಗಿ ಹರಿದುಹೋಗತ್ತೆ, ಒಳಗಿನದ್ದು ಹಿಗ್ಗೋಕೆ ಜಾಗ ಸಿಗತ್ತೆ. ಪಿಎಲ್‌ಎ ಹಾಗೆ ಹರಿಯಲ್ಲ. ಮೆತ್ತಗಾಗಿ, ಹಿಗ್ಗಿ, ಶೆಲ್ಲನ್ನ ಒಳಗಿಂದ ತಳ್ಳತ್ತೆ. ಪ್ರಿಂಟನ್ನೇ ಸುಡಬೇಕು ಅಂದ್ರೆ ಅದ್ದುವ ಮುಂಚೆ ಅದರ ಮೈಗೆಲ್ಲ ಕುಂಚದಲ್ಲಿ ಒಂದು ಪದರ ಕರಗಿದ ಮೇಣ ಬಳಿ. ಆ ಮೇಣ ಮೊದಲು ಕರಗಿ ಸಂದು ಮಾಡಿಕೊಡತ್ತೆ. ಪ್ರಿಂಟಿನ ಒಳಗೆ ತುಂಬಿಸಬೇಡ, ಪೊಳ್ಳು ಬಿಡು. ಸುಡುವಾಗ ಗಾಳಿ ಆಡೋಕೆ ಎರಡು ಕಡೆ ದಾರಿ ಇಡು, ಇಲ್ಲದಿದ್ರೆ ಬೂದಿ ಒಳಗೇ ಉಳಿದು ಕಂಚಿನ ಮೈಮೇಲೆ ಗುಳಿ ಬೀಳತ್ತೆ.

ಆದ್ರೆ ನನ್ನ ಮಾತು ಕೇಳೋದಾದ್ರೆ ಪ್ರಿಂಟನ್ನ ಸುಡಲೇಬೇಡ. ಅದನ್ನ ಉಜ್ಜಿ ನಯ ಮಾಡಿ, ಸಿಲಿಕೋನ್ ರಬ್ಬರಿನ ಅಚ್ಚು ತೆಗಿ. ಅಚ್ಚಿನಿಂದ ಮೇಣದ ರೆಕ್ಕೆ ಎತ್ತು. ಎರಕ ಕೆಟ್ಟರೆ ಇನ್ನೊಂದು ಮೇಣ ಎತ್ತಬಹುದು, ಮೂವತ್ತು ಗಂಟೆ ಪ್ರಿಂಟಿಗೆ ಕಾಯೋದು ತಪ್ಪತ್ತೆ. ಮೇಣ ಕೈಗೆ ಬಂದರೆ ನಿನಗೆ ಇನ್ನೊಂದು ಅವಕಾಶ ಸಿಗತ್ತೆ. ಬಿಸಿ ಮಾಡಿದ ಕಬ್ಬಿಣದ ಅಲಗು ಹಿಡಿದು ಕೂತು ಗರಿಗಳನ್ನ ಮತ್ತೆ ನೋಡು.

ಬಹುಭುಜ

ಅಣ್ಣ ಹೇಳಿದ್ದಕ್ಕೆ ಕಂಪ್ಯೂಟರಿನ ಕಡೆಯಿಂದ ಸೇರಿಸುತ್ತೇನೆ.

ಗೂಟ 19.6 ಬಂದದ್ದು ಆಕಸ್ಮಿಕವಲ್ಲ. 20ಕ್ಕೆ ಶೇ. 2 ಕಳೆದರೆ ಸರಿಯಾಗಿ 19.6. ಕಂಚು ಆರುವಾಗ ಅಷ್ಟು ಕುಗ್ಗುತ್ತದೆ. ನಿಮ್ಮ ರೆಕ್ಕೆಯನ್ನೂ ಅಳೆದು ನೋಡಿ, 588ರ ಆಸುಪಾಸು ಇರಬೇಕು. ರಬ್ಬರ್ ಅಚ್ಚಿನಿಂದ ಮೇಣ ಎತ್ತುವ ದಾರಿಗೆ ಹೋದರೆ ಮೇಣವೂ ಕುಗ್ಗುತ್ತದೆ. ಮೇಣಕ್ಕೆ ಶೇ. 1.5, ಕಂಚಿಗೆ ಶೇ. 2 ಅಂತ ಹಿಡಿದರೆ 0.985 ಗುಣಿಸು 0.98, ಅಂದರೆ 0.965. ಹಾಗಾಗಿ ಫೈಲನ್ನು 1.036 ಪಟ್ಟು ಹಿಗ್ಗಿಸಬೇಕು. 600 ಬೇಕಾದರೆ 622ಕ್ಕೆ ಪ್ರಿಂಟ್ ತೆಗೆಯಬೇಕು.

ಆದರೆ ನಾನು ಹೇಳಿದ ಅಂಕಿಯನ್ನು ಹಾಗೇ ತೆಗೆದುಕೊಳ್ಳಬೇಡಿ. ಮೇಣದಿಂದ ಮೇಣಕ್ಕೆ, ಮಿಶ್ರಲೋಹದಿಂದ ಮಿಶ್ರಲೋಹಕ್ಕೆ ಇದು ಬದಲಾಗುತ್ತದೆ. 200 ಮಿ.ಮೀ. ಅಂತರದಲ್ಲಿ ಎರಡು ಗೀರು ಹಾಕಿದ ಒಂದು ಪಟ್ಟಿ ಪ್ರಿಂಟ್ ಮಾಡಿ, ಅದೇ ರಬ್ಬರು, ಅದೇ ಮೇಣ, ಅದೇ ಲೋಹದಲ್ಲಿ ಎರೆದು, ಗೀರುಗಳ ನಡುವೆ ಅಳೆಯಿರಿ. ನಿಮ್ಮ ಅಂಕಿ ಅದರಿಂದ ಬರಲಿ.

ಇನ್ನೊಂದು ಮುಖ್ಯ ತಪ್ಪು: ಎರೆದು ಬರುವ ಗೂಟಕ್ಕೆ ಯಂತ್ರದಲ್ಲಿ ಕೊರೆದ ತೂತನ್ನು ಒಂದೇ ಫೈಲಿನಿಂದ ಹೊಂದಿಸಲು ಹೋದದ್ದು. ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ. ಇಂಥ ಕಡೆ ಎರಕವನ್ನು ದಪ್ಪಗೆ ಬಿಟ್ಟು, ಕೈಯಲ್ಲಿ ತೂತಿಗೆ ತಕ್ಕಂತೆ ಅರ ಹಾಕಬೇಕು. ಇಲ್ಲವೇ ಎರಕ ಕೈಗೆ ಬಂದ ಮೇಲೆ ತೂತು ಕೊರೆಸಬೇಕು.

ಬ್ಲೆಂಡರ್‌ನಲ್ಲಿ ತ್ರೀಡಿ ಪ್ರಿಂಟ್ ಟೂಲ್‌ಬಾಕ್ಸ್ ಅಂತ ಒಂದು ಆ್ಯಡ್‌ಆನ್ ಇದೆ. ಕನಿಷ್ಠ ದಪ್ಪ 3 ಮಿ.ಮೀ. ಅಂತ ಕೊಟ್ಟರೆ ಅದಕ್ಕಿಂತ ತೆಳುವಿರುವ ಮುಖಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಹಾಗೆಯೇ ರೆಕ್ಕೆ ಮೈಗೆ ಸೇರುವ ಬುಡವನ್ನು ಅಡ್ಡಲಾಗಿ ಕತ್ತರಿಸಿ, ಆ ಸೀಳಿನ ಒಳಗೆ ಹಿಡಿಸುವಷ್ಟು ದೊಡ್ಡ ವೃತ್ತ ಎಳೆಯಿರಿ. ತುದಿಯಿಂದ ಶುರು ಮಾಡಿ ಲೋಹ ಒಳಬರುವ ಕೊಳವೆಯ ಕಡೆಗೆ ಹೀಗೇ ವೃತ್ತ ಎಳೆಯುತ್ತ ಹೋದರೆ ಅವು ದೊಡ್ಡದಾಗುತ್ತಲೇ ಹೋಗಬೇಕು. ನಡುವೆಲ್ಲೋ ಒಂದು ದೊಡ್ಡ ವೃತ್ತ ಬಂದು ಅದರ ಮುಂದಿನದು ಚಿಕ್ಕದಾದರೆ, ಆ ದೊಡ್ಡ ಜಾಗ ಕೊನೆಗೆ ಆರುತ್ತದೆ. ಆಗ ಅದಕ್ಕೆ ಕುಡಿಯಲು ಲೋಹ ಬರುವ ದಾರಿ ಮುಚ್ಚಿರುತ್ತದೆ, ಒಳಗೆ ಟೊಳ್ಳು ಬೀಳುತ್ತದೆ. ಎರಕದ ಎಂಜಿನಿಯರುಗಳು ಕಂಪ್ಯೂಟರಿಗೂ ಮುಂಚಿನಿಂದ ಕಾಗದದ ಮೇಲೆ ಮಾಡುತ್ತಿದ್ದ ಲೆಕ್ಕ ಇದು. ಪರದೆಯ ಮೇಲೆ ಐದು ನಿಮಿಷ ಸಾಕು.

ಕಲಿಯೋಕೆ_ಬಂದೆ

ಒಂದು ಪ್ರಶ್ನೆ. ಈಗ ಲೋಹದಲ್ಲೇ ಪ್ರಿಂಟ್ ಮಾಡೋ ಯಂತ್ರಗಳು ಇವೆಯಲ್ಲ. ಅಚ್ಚು, ಮೇಣ, ಶೆಲ್ ಇಷ್ಟೆಲ್ಲ ಯಾಕೆ?

ಬಹುಭುಜ

ಸಣ್ಣ ಕೆಲಸಕ್ಕೆ ಅದೂ ಒಳ್ಳೆಯ ದಾರಿಯೇ. ಬತ್‌ಶೀಬಾ ಗ್ರಾಸ್‌ಮನ್ ಅನ್ನುವ ಕಲಾವಿದೆ ಗಣಿತದ ಆಕೃತಿಗಳನ್ನು ಹಾಗೇ ಮಾಡಿದ್ದಾರೆ. ಉಕ್ಕಿನ ಪುಡಿಯನ್ನು ಅಂಟಿನಿಂದ ಪದರ ಪದರವಾಗಿ ಕಟ್ಟಿ, ಕುಲುಮೆಯಲ್ಲಿಟ್ಟು, ಕಣಗಳ ಸಂದಿಗೆ ಕಂಚು ಹೀರಿಸುವ ವಿಧಾನ. ಒಂದರೊಳಗೊಂದು ಹೆಣೆದುಕೊಂಡ ಆ ರೂಪಗಳಲ್ಲಿ ಕೆಲವನ್ನು ರಬ್ಬರ್ ಅಚ್ಚಿನಿಂದ ಬಿಡಿಸಿ ತೆಗೆಯಲು ಸಾಧ್ಯವೇ ಇಲ್ಲ, ಅಲ್ಲಿ ಪ್ರಿಂಟ್ ಬಿಟ್ಟರೆ ಬೇರೆ ಗತಿಯಿಲ್ಲ. 600 ಮಿ.ಮೀ. ರೆಕ್ಕೆ ಹಾಗಲ್ಲ. ಅದು ಅಚ್ಚಿನಿಂದ ಸುಲಭವಾಗಿ ಬಿಟ್ಟುಬರುವ ರೂಪ. ರೂಪವನ್ನು ನೋಡಿ ದಾರಿ ಆರಿಸಬೇಕು.

ತಗಡಿನದನಿ

ನಾನು ತಾಮ್ರದ ತಗಡು ಬಡಿದು ಉಬ್ಬು ಕೆಲಸ ಮಾಡುವವಳು. ಎರಕದ ಮಾತಿನ ನಡುವೆ ಬರುತ್ತಿದ್ದೇನೆ, ಆದರೆ ನಿಮ್ಮ ರೆಕ್ಕೆ ನೋಡಿದಾಗಿನಿಂದ ಹೇಳಬೇಕೆನಿಸುತ್ತಿದೆ. ಆ ಗರಿಗಳು ಹುಟ್ಟಿನಿಂದಲೇ ತಗಡು. ತಗಡಿನ ಸ್ವಭಾವದ ವಸ್ತುವನ್ನು ಎರೆಯಲು ಹೊರಟಿದ್ದೀರಿ.

ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ 1886ರಲ್ಲಿ ನಿಂತಿತು. ಅದರ ಚರ್ಮ ಬರೀ 2.4 ಮಿ.ಮೀ. ತಾಮ್ರದ ತಗಡು. ಶಿಲ್ಪಿ ಬಾರ್ತೋಲ್ಡಿಯ ಸಣ್ಣ ಮಾದರಿಯನ್ನು ಅಳತೆ ಹಿಡಿದು ಹಂತ ಹಂತವಾಗಿ ಪ್ಲಾಸ್ಟರಿನಲ್ಲಿ ಹಿಗ್ಗಿಸಿ, ಆ ಪ್ಲಾಸ್ಟರಿನ ಮೈಗೆ ಕೂರುವಂತೆ ಮರದ ಚೌಕಟ್ಟು ಕಟ್ಟಿ, ಅದರೊಳಗೆ ತಗಡಿಟ್ಟು ಬಡಿದರು. ಆ ಅಳತೆ ಮತ್ತು ಮರದ ಕೆಲಸ ಕುಶಲಕರ್ಮಿಗಳ ಬಹಳಷ್ಟು ಕಾಲ ತಿಂದಿತು. ಇವತ್ತು ನನ್ನ ಕೈಗೆ ಸಿಕ್ಕಿರುವ ಅನುಕೂಲ ಅದೇ ಜಾಗದಲ್ಲಿದೆ. ಫೈಲನ್ನು 18 ಮಿ.ಮೀ. ದಪ್ಪದ ಸೀಳುಗಳಾಗಿ ಕತ್ತರಿಸುತ್ತೇನೆ, ಪ್ರತಿ ಸೀಳನ್ನೂ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಪ್ಲೈವುಡ್‌ನಲ್ಲಿ ಕೊರೆದು ಕೊಡುತ್ತದೆ, ಒಂದರ ಮೇಲೊಂದು ಅಂಟಿಸಿ ಮೆಟ್ಟಿಲುಗಳನ್ನು ಉಜ್ಜಿದರೆ ಅಚ್ಚು ಸಿದ್ಧ. ಬಡಿಯುವುದು ಮಾತ್ರ ನಾನೇ.

ಹೊಸಬರು ಎಡವುವುದು ಇಲ್ಲಿ. ರೈನೋದಂಥ ಸಾಫ್ಟ್‌ವೇರಿನಲ್ಲಿ ಮೇಲ್ಮೈಯನ್ನು ಬಿಚ್ಚಿ ಚಪ್ಪಟೆ ಮಾಡುವ ಆಜ್ಞೆ ಇರುತ್ತದೆ. ಕೊಳವೆ, ಶಂಕು, ಒಂದೇ ದಿಕ್ಕಿಗೆ ಬಾಗಿದ ಹಾಳೆ, ಇವಕ್ಕೆಲ್ಲ ಅದು ಸರಿಯಾಗಿ ಕೆಲಸ ಮಾಡುತ್ತದೆ. ಬಟ್ಟಲಿನ ಹಾಗೆ ಎರಡೂ ದಿಕ್ಕಿಗೆ ಬಾಗಿದ್ದಕ್ಕೆ ಅದು ಕೊಡುವ ನಕ್ಷೆಯನ್ನು ನಂಬಿ ತಗಡು ಕತ್ತರಿಸಿದರೆ ಎಲ್ಲೋ ಒಂದು ಕಡೆ ಸಾಲದೇ ಬರುತ್ತದೆ. ನಾನು ಮೊದಲು ಕಾಗದ ಕತ್ತರಿಸಿ ಅಚ್ಚಿನ ಮೇಲೆ ಹೊದಿಸುತ್ತೇನೆ. ಕಾಗದ ನೆರಿಗೆ ಬಿದ್ದ ಕಡೆ ತಗಡನ್ನು ಒಳಕ್ಕೆ ಕೂಡಿಸಬೇಕು, ಕಾಗದ ಹರಿದ ಕಡೆ ತಗಡನ್ನು ಹಿಗ್ಗಿಸಬೇಕು. ಆ ಜಾಗಗಳನ್ನು ಸೀಸದಕಡ್ಡಿಯಲ್ಲಿ ಗುರುತು ಮಾಡಿಕೊಂಡು ಸುತ್ತಿಗೆ ಎತ್ತುತ್ತೇನೆ.

ಬಡಿಯುತ್ತ ಹೋದಂತೆ ತಾಮ್ರ ಗಡುಸಾಗುತ್ತದೆ. ಅದು ಮೊದಲು ಗೊತ್ತಾಗುವುದು ಕಿವಿಗೆ. ಮೆತ್ತಗಿರುವಾಗ ‘ಠಪ್’ ಅನ್ನುವ ಸದ್ದು, ಗಡುಸಾದಾಗ ‘ಟಣ್’ ಅಂತ ಮೇಲಕ್ಕೇರುತ್ತದೆ. ಆಗ ನಿಲ್ಲಿಸಿ, ಮಬ್ಬು ಬೆಳಕಿನಲ್ಲಿ ಮಂದ ಕೆಂಪು ಕಾಣುವಷ್ಟು ಕಾಯಿಸಿ, ನೀರಿಗೆ ಅದ್ದಬೇಕು. ಉಕ್ಕಿನ ಹಾಗಲ್ಲ, ತಾಮ್ರ ನೀರಿಗೆ ಹೋದರೂ ಮೆತ್ತಗೇ ಇರುತ್ತದೆ. ಒಂದು ಗರಿಗೆ ಹೀಗೆ ನಾಲ್ಕೈದು ಬಾರಿ. ನಿಮ್ಮ ಕೊಕ್ಕರೆಗೆ ಮೈ, ಕತ್ತು ಎರಕದಲ್ಲಿ ಇರಲಿ, ದೊಡ್ಡ ಗರಿಗಳು ತಗಡಿನಲ್ಲಿ ಬರಲಿ ಅಂತ ನನ್ನ ಸಲಹೆ.

ಸುತ್ತಿಗೆಹಿಡಿ

ನಾನು ಕಮ್ಮಾರ. ಕಾಲಿನ ಬಗ್ಗೆ ಯಾರೂ ಮಾತಾಡಿಲ್ಲ, ಎಲ್ಲರೂ ರೆಕ್ಕೆ ಹಿಡಿದುಕೊಂಡಿದ್ದೀರಿ. ಇಡೀ ಹಕ್ಕಿ ನಿಲ್ಲೋದು ಒಂಟಿ ಕಾಲಿನ ಮೇಲೆ.

ಎರೆದ ಕಾಲಿಗಿಂತ ಬಡಿದ ಕಾಲು ಗಟ್ಟಿ. ಎರಕದಲ್ಲಿ ಎಲ್ಲಿ ಗುಳ್ಳೆ ಕೂತಿದೆ ಅಂತ ಹೊರಗಿಂದ ಕಾಣಲ್ಲ. ಸಿಲಿಕಾನ್ ಕಂಚಿನ ಸರಳು ಸಿಗತ್ತೆ, ಅದನ್ನೇ ಕಾಯಿಸಿ ಬಡೀರಿ. ಮೈಯೂ ಅದೇ ಲೋಹ ಆದ್ದರಿಂದ ಬಣ್ಣ ಹೊಂದತ್ತೆ, ಬಯಲಲ್ಲಿ ಇಟ್ಟರೆ ಕಬ್ಬಿಣ ಕಂಚು ಸೇರಿದ ಕಡೆ ಹಿಡಿಯೋ ತುಕ್ಕಿನ ಕಾಟವೂ ಇಲ್ಲ. ಒಂದು ಎಚ್ಚರ. ಕಬ್ಬಿಣದ ಹಾಗೆ ಹಳದಿ, ಕಿತ್ತಳೆ ಬಣ್ಣ ಬರೋತನಕ ಕಾಯಬೇಡಿ. ಕಂಚು ಬಡಿಯೋದು ಸುಮಾರು 700ರಿಂದ 850 ಡಿಗ್ರಿಯೊಳಗೆ. ಬಿಸಿಲಿನಲ್ಲಿ ಆ ಕೆಂಪು ಕಾಣಿಸೋದೇ ಇಲ್ಲ. ಕಿಟಕಿ ಮುಚ್ಚಿ, ಕತ್ತಲಲ್ಲಿ ಕೆಲಸ ಮಾಡಿ. ಒಂದು ಸಲ ಅತಿಯಾಗಿ ಕಾಸಿ ಅಡಿಗಲ್ಲಿನ ಮೇಲಿಟ್ಟು ಒಂದೇಟು ಹೊಡೆದೆ, ಸರಳು ಬೆಲ್ಲದಚ್ಚಿನ ಹಾಗೆ ಪುಡಿಯಾಗಿ ಬಿತ್ತು. ಮೂರು ದಿನದ ಕೆಲಸ ಅದು.

ದಪ್ಪದ ಲೆಕ್ಕ ಹೇಳ್ತೀನಿ. ಕಂಚಿನ ಬಿಗಿ ಉಕ್ಕಿನ ಅರ್ಧದಷ್ಟೇ, ಅದೇ ದಪ್ಪದ ಕಂಚಿನ ಕಾಲು ಎರಡರಷ್ಟು ಬಾಗತ್ತೆ. ಆದ್ರೆ ಬಾಗೋದನ್ನ ತಡೆಯೋ ಶಕ್ತಿ ದಪ್ಪದ ನಾಲ್ಕನೇ ಘಾತದಲ್ಲಿ ಏರತ್ತೆ. 16 ಮಿ.ಮೀ.ನಿಂದ 20ಕ್ಕೆ ಹೋದ್ರೆ ಸುಮಾರು 2.4 ಪಟ್ಟು. ಅಂದ್ರೆ 20 ಮಿ.ಮೀ. ಕಂಚಿನ ಕಾಲು 16 ಮಿ.ಮೀ. ಉಕ್ಕಿನ ಕಾಲಿಗಿಂತ ಬಿಗಿ.

ಉಗುರಿಗೆ ಎಷ್ಟು ಸರಳು ಬೇಕು ಅನ್ನೋದಕ್ಕೆ ಫೈಲು ನೋಡಿ ಉದ್ದ ಅಳೆಯಬೇಡಿ, ಗಾತ್ರ ಅಳೀರಿ. ಬಡಿದರೆ ಲೋಹ ಎಲ್ಲೂ ಹೋಗಲ್ಲ, ಜಾಗ ಬದಲಿಸತ್ತೆ. ಚೌಕ ಸರಳನ್ನ ಚೂಪು ಮಾಡಿದ್ರೆ ಅದು ಪಿರಮಿಡ್ಡು, ಪಿರಮಿಡ್ಡಿನ ಗಾತ್ರ ಅದೇ ಬುಡದ ಸರಳಿನ ಮೂರನೇ ಒಂದು. 90 ಮಿ.ಮೀ. ಉದ್ದದ ಉಗುರಿಗೆ 30 ಮಿ.ಮೀ. ಸರಳು ಸಾಕು.

ರೆಕ್ಕೆಕೆಲಸ

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಋಣಿ. ರೆಕ್ಕೆ ಅಳೆದೆ. 588. ಹೇಳಿದ ಅಂಕಿಯೇ.

ಒಂದು ವಿಷಯ ಮಾತ್ರ ಮನಸ್ಸಿಗೆ ಒಗ್ಗುತ್ತಿಲ್ಲ. ಗರಿಗಳ ನರ, ಎಳೆ, ಸೀಳು ಎಲ್ಲವನ್ನೂ ನಾನು ಫೈಲಿನಲ್ಲಿ ಎರಡು ತಿಂಗಳು ಕೂತು ಕೆತ್ತಿದ್ದೇನೆ. ಈಗ ಪ್ರಿಂಟನ್ನು ಉಜ್ಜಿದರೆ ಅದೆಲ್ಲ ಹೋಗುತ್ತದೆ. ಮೇಣದಲ್ಲಿ ಮತ್ತೆ ಕೆತ್ತು ಅನ್ನುತ್ತಿದ್ದೀರಿ. ಹಾಗಾದರೆ ಆ ಎರಡು ತಿಂಗಳು?

ಮೂಸೆಇಕ್ಕಳ

ಆ ಎರಡು ತಿಂಗಳಲ್ಲಿ ನಿನ್ನ ಕಣ್ಣು ಗರಿ ಕಲಿತಿದೆ. ಅದು ಎಲ್ಲೂ ಹೋಗಲ್ಲ.

ಫೈಲಿನ ಗೆರೆ ಕಂಚಿಗೆ ಬರೋತನಕ ಎಷ್ಟು ಕೈ ದಾಟಬೇಕು ನೋಡು. ಪ್ರಿಂಟು, ರಬ್ಬರು, ಮೇಣ, ಶೆಲ್ಲಿನ ಮೊದಲ ಪದರ, ಲೋಹ, ಆಮೇಲೆ ಶೆಲ್ಲಿನ ಚೂರು ಬಿಡಿಸೋಕೆ ಮರಳು ಊದೋದು. ಪ್ರತಿ ದಾಟಿನಲ್ಲೂ ಒಂದಿಷ್ಟು ಚೂಪು ಸವೆಯತ್ತೆ. ಕೂದಲೆಳೆಯಷ್ಟು ಸಣ್ಣ ಗೀರು ಕೊನೆಗೆ ಮಂಕಾದ ಮಚ್ಚೆ ಆಗತ್ತೆ. ಮೇಣದಲ್ಲಿ ಅಲಗಿನಿಂದ ಎಳೆದ ಗೆರೆ ಮೂರು ದಾಟು ಕಡಿಮೆ ದಾಟತ್ತೆ. ಕಂಚಿನಲ್ಲೇ ಉಳಿಯಿಂದ ಹೊಡೆದ ಗೆರೆ ಒಂದನ್ನೂ ದಾಟಲ್ಲ. ಅದಕ್ಕೇ ನಾನು ಹೇಳೋದು, ಯಾವ ವಿವರ ಎಲ್ಲಿ ಹುಟ್ಟಿದರೆ ಚೂಪಾಗಿ ಉಳಿಯತ್ತೋ ಅಲ್ಲೇ ಹುಟ್ಟಿಸು. ರೆಕ್ಕೆಯ ಒಟ್ಟು ಬಾಗು, ಗರಿಗಳ ಜೋಡಣೆ, ಎಡ ಬಲ ಸಮ, ಇದು ಫೈಲಿನ ಕೆಲಸ. ಗರಿಯ ನರ ಮೇಣದ ಕೆಲಸ. ತುದಿಯ ಅಂಚು ಅರದ ಕೆಲಸ.

ಬಹುಭುಜ

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ ಅಣ್ಣ. ಫೈಲಿನಲ್ಲಿ ವಿವರವನ್ನು ಬೇಕೆಂದೇ ಹೆಚ್ಚು ಆಳ ಮಾಡಿದರೆ ಸವೆದ ಮೇಲೂ ಸರಿಯಾದಷ್ಟು ಉಳಿಯುತ್ತದೆ. ನಾನು ಗೀರುಗಳನ್ನು ಒಂದೂವರೆ ಪಟ್ಟು ಆಳಕ್ಕೆ ಇಳಿಸುತ್ತೇನೆ. ಪಿವಿಬಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನ ಎಳೆಯಲ್ಲಿ ಪ್ರಿಂಟ್ ಮಾಡಿದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ ಪದರದ ಗೆರೆಗಳನ್ನು ಕರಗಿಸಬಹುದು, ಮರಳುಕಾಗದ ಹಿಡಿದು ವಿವರವನ್ನೆಲ್ಲ ಉಜ್ಜಿ ತೆಗೆಯಬೇಕಾಗಿಲ್ಲ. ಒಂದೇ ರೂಪದ ಹತ್ತು ಎರಕ ಬೇಕಾದಾಗ ಹತ್ತು ಸಲ ಮೇಣ ಕೆತ್ತುವುದು ಯಾರಿಂದಲೂ ಆಗದು.

ಮೂಸೆಇಕ್ಕಳ

ಹತ್ತು ಬೇಕಾದಾಗ ನಿನ್ನ ಮಾತೇ ಸರಿ. ಇವನಿಗೆ ಬೇಕಿರೋದು ಎರಡು ರೆಕ್ಕೆ.

ತಗಡಿನದನಿ

ಯಂತ್ರ ಬಂದರೆ ಕೈಕೆಲಸ ಅನ್ನಿಸಿಕೊಳ್ಳುತ್ತದೆಯೇ ಅನ್ನುವ ಮಾತು ಈ ಚರ್ಚೆಗಳಲ್ಲಿ ಯಾವಾಗಲೂ ಬರುತ್ತದೆ, ಬರುವ ಮುಂಚೆಯೇ ಒಂದು ಮಾತು. ಫ್ರೆಂಚ್ ಶಿಲ್ಪಿ ರೋಡಿನ್‌ನ ‘ದಿ ಥಿಂಕರ್’ ಮೊದಲು ಸುಮಾರು 70 ಸೆಂ.ಮೀ. ಎತ್ತರದ ಆಕೃತಿ. 1904ರಲ್ಲಿ ಜನ ನೋಡಿದ್ದು ಆಳೆತ್ತರದ್ದು. ಹಿಗ್ಗಿಸಿಕೊಟ್ಟವನು ಆನ್ರಿ ಲೆಬೊಸ್ಸೆ, ಬಳಸಿದ್ದು ಕೊಲಾ ಅನ್ನುವವನ ಹೆಸರಿನ ಒಂದು ಯಂತ್ರ. ಒಂದು ಮೊನೆ ಮೂಲದ ಮೈಮೇಲೆ ಸವರುತ್ತ ಹೋದರೆ ಇನ್ನೊಂದು ಮೊನೆ ದೊಡ್ಡ ಅಳತೆಯಲ್ಲಿ ಅದನ್ನೇ ಕೊರೆಯುತ್ತದೆ. ಈಗಿನ ಸ್ಕ್ಯಾನರ್ ಮಾಡುವುದೂ ಅದೇ ಕೆಲಸ. ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ 2013ರಲ್ಲಿ ನಿಂತ ‘ಕೆಲ್ಪೀಸ್’ ಕುದುರೆತಲೆಗಳು 30 ಮೀಟರ್ ಎತ್ತರ. ಆ್ಯಂಡಿ ಸ್ಕಾಟ್ ಅನ್ನುವ ಶಿಲ್ಪಿ ಹತ್ತನೇ ಒಂದರಷ್ಟು ದೊಡ್ಡ ಉಕ್ಕಿನ ಮಾದರಿಗಳನ್ನು ಮೊದಲು ಮಾಡಿದರು, ಅವನ್ನು ಲೇಸರಿನಿಂದ ಸ್ಕ್ಯಾನ್ ಮಾಡಿ ಹಿಗ್ಗಿಸಲಾಯಿತು. ಮೂರು ಮೀಟರ್ ಎತ್ತರದ ಮಾದರಿಯಲ್ಲಿ ಒಂದೊಂದು ತುಂಡನ್ನೂ ಬೆಸೆದ ಕೈಯ ನಿರ್ಧಾರಗಳೇ ಆ ಎತ್ತರದಲ್ಲಿ ಕಾಣುತ್ತಿವೆ. ನಿಮ್ಮ ಅಂಗೈಯಗಲದ ಜೇಡಿಮಣ್ಣೂ ಹಾಗೆಯೇ. ಅದನ್ನು ಎಸೆಯಬೇಡಿ. ಪರದೆಯ ಮೇಲೆ ಅನುಮಾನ ಬಂದಾಗಲೆಲ್ಲ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ.

ಕಲಿಯೋಕೆ_ಬಂದೆ

ಎಷ್ಟು ಕಂಚು ಕರಗಿಸಬೇಕು ಅಂತ ಮೊದಲೇ ಹೇಗೆ ಗೊತ್ತಾಗತ್ತೆ? ಫೈಲಿನ ಗಾತ್ರದಿಂದ ಲೆಕ್ಕ ಹಾಕ್ತೀರಾ?

ಮೂಸೆಇಕ್ಕಳ

ಹಾಕಬಹುದು, ಆದ್ರೆ ನಾನು ಮೇಣವನ್ನೇ ತಕ್ಕಡಿಗೆ ಇಡ್ತೀನಿ, ಕೊಳವೆಗಳ ಮೇಣವನ್ನೂ ಸೇರಿಸಿ. ಸಿಲಿಕಾನ್ ಕಂಚು ಮೇಣಕ್ಕಿಂತ ಸುಮಾರು ಒಂಬತ್ತು ಪಟ್ಟು ಭಾರ. ಹತ್ತು ಪಟ್ಟು ಕರಗಿಸಿದರೆ ಮೂಸೆಯ ತಳದಲ್ಲಿ ಉಳಿಯೋದಕ್ಕೂ ಕಿಟ್ಟಕ್ಕೂ ಸರಿಹೋಗತ್ತೆ. ಇದು ಹಳೇ ಲೆಕ್ಕ. ಹನ್ನೆರಡನೇ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲೂ ಮೇಣ ತೂಗಿ ಅದರ ಇಷ್ಟು ಪಟ್ಟು ಲೋಹ ತೆಗೆದುಕೊಳ್ಳಬೇಕು ಅಂತ ಲೋಹ ಲೋಹಕ್ಕೂ ಬೇರೆ ಬೇರೆ ಪ್ರಮಾಣ ಹೇಳಿದೆ.

ನೀನು ಹೊಸಬ ಆದ್ದರಿಂದ ಇದನ್ನೂ ಕೇಳು. ಕರಗಿದ ಲೋಹದ ಹತ್ರ ನೀರಿನ ಒಂದು ಹನಿಯೂ ಇರಕೂಡದು. ಒಳಕ್ಕೆ ಸಿಕ್ಕ ಹನಿ ಆವಿಯಾಗಿ ಸಿಡಿದರೆ ಲೋಹವನ್ನೇ ಎರಚತ್ತೆ. ಮೂಸೆಗೆ ಹಾಕೋ ತುಂಡು, ಇಕ್ಕಳದ ಬಾಯಿ, ಕಿಟ್ಟ ತೆಗೆಯೋ ಸೌಟು, ಎಲ್ಲವನ್ನೂ ಮೊದಲು ಬಿಸಿ ಮಾಡಿ ಒಣಗಿಸಬೇಕು. ಹಿತ್ತಾಳೆ ಕರಗಿಸೋದಾದ್ರೆ ಅದರೊಳಗಿನ ಸತು 907 ಡಿಗ್ರಿಗೇ ಕುದಿಯತ್ತೆ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಖಂಡಿತ. ಒಣಗಿದ ಶೆಲ್ ಒಡೆಯುವಾಗ ಏಳೋ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಉಳಿದುಬಿಡತ್ತೆ. ಬಟ್ಟೆ ಕಟ್ಟಿಕೊಂಡರೆ ಸಾಲದು, ದೂಳು ತಡೆಯೋ ಸರಿಯಾದ ಮಾಸ್ಕ್ ಬೇಕು, ಒಡೆಯುವಾಗ ನೀರು ಚಿಮುಕಿಸಬೇಕು.

ರೆಕ್ಕೆಕೆಲಸ

ಏಳು ವಾರ ಆಯಿತು. ಎಡ ರೆಕ್ಕೆ ಮತ್ತೆ ಎರೆದೆವು.

ಅಳತೆಪಟ್ಟಿಯಿಂದ ಶುರು ಮಾಡಿದೆ. 200 ಇದ್ದದ್ದು 193 ಆಯಿತು, ನನ್ನ ಮೇಣಕ್ಕೂ ಲೋಹಕ್ಕೂ 1.036 ಸರಿಯಾಗಿದೆ. ಗರಿಯ ತುದಿ ಎಲ್ಲ ಕಡೆ 3 ಮಿ.ಮೀ. ಮಾಡಿದೆ, ಬುಡದ ವೃತ್ತಗಳನ್ನು ಎಳೆದೆ. ಮೂರನೇ ಗರಿಯ ಬುಡದಲ್ಲಿ ಒಂದು ವೃತ್ತ ಅಕ್ಕಪಕ್ಕದ್ದಕ್ಕಿಂತ ದೊಡ್ಡದು ಬಂತು, ಅಲ್ಲಿಗೇ ನೇರ ಒಂದು ಕೊಳವೆ ಕೊಟ್ಟೆ. ಗರಿಗಳ ನರವನ್ನೆಲ್ಲ ಫೈಲಿನಿಂದ ತೆಗೆದುಹಾಕಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ನಯವಾದ ರೆಕ್ಕೆಯನ್ನು ಪ್ರಿಂಟ್ ಮಾಡಿ, ಉಜ್ಜಿ, ರಬ್ಬರ್ ಅಚ್ಚು ತೆಗೆದು, ಮೇಣ ಎತ್ತಿದೆ.

ಮೇಣದ ಮುಂದೆ ಆರು ದಿನ ಕೂತೆ. ಅಲಗನ್ನು ಬಿಸಿ ಮಾಡಿ ಬುಡದಿಂದ ತುದಿಗೆ ಒಂದೇ ಉಸಿರಿಗೆ ಎಳೆಯಬೇಕು, ನಡುವೆ ನಿಂತರೆ ಅಲ್ಲೊಂದು ಗುಳಿ ಬೀಳುತ್ತದೆ. ಮೊದಲ ಮೂರು ಗರಿ ಹಾಳಾದವು, ಮೇಣ ತುಂಬಿ ಮತ್ತೆ ಎಳೆದೆ. ನಾಲ್ಕನೆಯದರಿಂದ ಕೈ ಕೂತಿತು. ಇನ್ನೊಂದು ವಿಷಯ ಆಗ ಗೊತ್ತಾಯಿತು. ಫೈಲಿನಲ್ಲಿ ಹನ್ನೊಂದು ಗರಿಗಳ ನಡುವಿನ ಸಂದು ಒಂದೇ ಸಮ ಇತ್ತು, ಒಂದನ್ನೇ ನಕಲು ಮಾಡಿ ತಿರುಗಿಸಿದ್ದೆನಲ್ಲ. ಮೇಣದಲ್ಲಿ ಅದು ಬೀಸಣಿಗೆಯ ಹಾಗೆ ಕಂಡಿತು. ಜೇಡಿಮಣ್ಣಿನ ಮಾದರಿ ತೆಗೆದು ನೋಡಿದರೆ ಅದರಲ್ಲಿ ಎಂಟು ಮತ್ತು ಒಂಬತ್ತನೇ ಗರಿ ಗಾಳಿಗೆ ಒತ್ತಿಕೊಂಡು ಹತ್ತಿರ ಬಂದಿವೆ. ಮೇಣವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಆ ಎರಡನ್ನೂ ಹಾಗೇ ಬಾಗಿಸಿದೆ.

ಮೇಣದ ರೆಕ್ಕೆ ಕೊಳವೆ ಬಿಟ್ಟು 430 ಗ್ರಾಂ ತೂಗಿತು. ಕಂಚಿನದು ಕೊಳವೆ ಕತ್ತರಿಸಿದ ಮೇಲೆ 3.8 ಕೆ.ಜಿ. ಹನ್ನೊಂದು ಗರಿಯೂ ತುಂಬಿವೆ. ಉದ್ದ 601. ಅಂಚುಗಳಿಗೆ ಹಿಂಬದಿಯಿಂದ ಅರ ಹಾಕಿ ಆರು ಗರಿ ಮುಗಿಸಿದ್ದೇನೆ. ಬೆಳಕಿಗೆ ಹಿಡಿದರೆ ಅವು 3 ಮಿ.ಮೀ. ಲೋಹ ಅಂತ ಯಾರೂ ಹೇಳುವುದಿಲ್ಲ.

ಒಂದು ಕೊರತೆ ಇದೆ. ಐದನೇ ಗರಿಯ ಬೆನ್ನಿನಲ್ಲಿ ಸಾಸಿವೆ ಕಾಳಿನಷ್ಟು ಎರಡು ಗುಳಿ. ಏನು ಮಾಡಲಿ?

ಮೂಸೆಇಕ್ಕಳ

ಕತ್ತರಿಸಿ ತೆಗೆದ ಕೊಳವೆಯ ಕಂಚನ್ನ ಎಸೆದಿಲ್ಲ ತಾನೆ? ಅದರಿಂದಲೇ ಒಂದು ತೆಳು ಕಡ್ಡಿ ಬಡಿದು, ಟಿಗ್ ಬೆಸುಗೆಯಲ್ಲಿ (ವಿದ್ಯುತ್ ಕಿಡಿಯಿಂದ ಮಾಡೋ ಬೆಸುಗೆ) ಗುಳಿ ತುಂಬು. ಬೇರೆ ಕಂಚಿನ ಕಡ್ಡಿ ಹಾಕಿದರೆ ಈಗ ಗೊತ್ತಾಗಲ್ಲ, ಆಮೇಲೆ ಬಣ್ಣ ಹತ್ತಿಸುವಾಗ ಅಲ್ಲೊಂದು ಚುಕ್ಕೆ ಬೇರೆಯಾಗಿ ಎದ್ದು ಕಾಣತ್ತೆ. ತುಂಬುವ ಮುಂಚೆ ಗುಳಿಯನ್ನ ಹೊಳೆಯೋತನಕ ಕೊರೆದುಕೋ, ಒಳಗೆ ಶೆಲ್ಲಿನ ಕಣ ಉಳಿದಿದ್ದರೆ ಬೆಸುಗೆ ಕುದಿದು ಮತ್ತೆ ತೂತಾಗತ್ತೆ. ಎಂಟು ಒಂಬತ್ತನೇ ಗರಿಯ ಫೋಟೋ ನೋಡಿದೆ. ಚೆನ್ನಾಗಿ ಬಂದಿದೆ ತಮ್ಮಾ.

ಸುತ್ತಿಗೆಹಿಡಿ

ಕಾಲು?

ರೆಕ್ಕೆಕೆಲಸ

20 ಮಿ.ಮೀ. ಸರಳಿನಲ್ಲಿ ಬಡಿದೆ, ಕಿಟಕಿಗೆ ಕಂಬಳಿ ಕಟ್ಟಿ. ಸರಳಿನ ಮೈಯೇ ಪೀಠದ ತೂತಿಗೆ ಚೂರು ಬಿಗಿಯಾಯಿತು, ಅರದಲ್ಲಿ ನಾಲ್ಕು ಸಲ ಎಳೆದ ಮೇಲೆ ಸರಿಯಾಗಿ ಕೂತಿದೆ, ಅಲ್ಲಾಟವಿಲ್ಲ. ಫೈಲಿನಲ್ಲಿ ಇಡೀ ಹಕ್ಕಿಯ ತೂಕದ ಕೇಂದ್ರ ತೆಗೆದು ನೋಡಿದ್ದೆ, ಪಾದದಿಂದ 14 ಮಿ.ಮೀ. ಮುಂದೆ ಬಿದ್ದಿತ್ತು. ಹಾಗಾಗಿ ಮೊಣಕಾಲಿನ ಹತ್ತಿರ ಬಾಗು ಸ್ವಲ್ಪ ಹೆಚ್ಚು ಕೊಟ್ಟು ಪಾದವನ್ನು ಮುಂದಕ್ಕೆ ತಂದೆ.

ಬಲ ರೆಕ್ಕೆಯ ಗರಿ ಕೆತ್ತಿ ಮುಗಿದಿದೆ. ಇವತ್ತು ಮೂರನೇ ಪದರಕ್ಕೆ ಅದ್ದಿ ನೇತುಹಾಕಿದ್ದೇನೆ. ಇನ್ನು ಐದು.